ಕರಾವಳಿಯಲ್ಲಿ ಬಾಡಿಗೆ ಮನೆ ಬಿಡುವಾಗ ಅಡ್ವಾನ್ಸ್ ಹಣ ಹಿಂಪಡೆಯುವುದು ಹೇಗೆ

ಬಾಡಿಗೆ ಮನೆ ಬಿಟ್ಟವರಿಗೆ ಅಡ್ವಾನ್ಸ್ ಹಣ ತಡವಾಗಿ ಬರುವುದಕ್ಕೆ ಮನೆ ಮಾಲಕರ ದುರುದ್ದೇಶವೇ ಯಾವಾಗಲೂ ಕಾರಣವಾಗಿರುವುದಿಲ್ಲ. ಮಂಗಳೂರು, ಉಡುಪಿ ಕಡೆ ಒಂದೆರಡು ಮನೆಗಳನ್ನಷ್ಟೇ ಬಾಡಿಗೆಗೆ ಕೊಟ್ಟಿರುವ ಸಾಮಾನ್ಯ ಕುಟುಂಬಗಳು ಬಹಳ. ಅಂಥವರು ಪಡೆದ ಅಡ್ವಾನ್ಸ್ ಬ್ಯಾಂಕಿನಲ್ಲಿ ಬೇರೆಯಾಗಿ ಕುಳಿತಿರುವುದಿಲ್ಲ. ಗೃಹಸಾಲದ ಕಂತಿಗೋ, ಮಕ್ಕಳ ಕಾಲೇಜು ಶುಲ್ಕಕ್ಕೋ, ತಾರಸಿಯ ಮೇಲೆ ಶೀಟು ಹಾಕಿಸುವುದಕ್ಕೋ ಖರ್ಚಾಗಿ ಹೋಗಿರುತ್ತದೆ. ಹೊಸ ಬಾಡಿಗೆದಾರರು ಬಂದು ಅಡ್ವಾನ್ಸ್ ಕೊಟ್ಟರೆ ಮಾತ್ರ ಹಳಬರಿಗೆ ಹಿಂದಿರುಗಿಸಲು ಅವರ ಕೈಯಲ್ಲಿ ಹಣ ಇರುತ್ತದೆ. ಈ ಸಂಗತಿಯನ್ನು ಮೊದಲೇ ತಿಳಿದುಕೊಂಡ ಬಾಡಿಗೆದಾರರು ಮನೆ ಬಿಡುವ ದಿನ ಕೈಯೊಡ್ಡಿ ನಿಲ್ಲುವ ಬದಲು, ಬೀಗದ ಕೈ ಒಪ್ಪಿಸುವುದಕ್ಕೆ ಎರಡು ತಿಂಗಳ ಮೊದಲೇ ಕೆಲಸ ಆರಂಭಿಸುತ್ತಾರೆ. ನಾನು ಇಲ್ಲಿ ಬರೆಯುತ್ತಿರುವುದರಲ್ಲಿ ಹೆಚ್ಚಿನ ಭಾಗ ಆ ಎರಡು ತಿಂಗಳುಗಳಿಗೆ ಸಂಬಂಧಿಸಿದ್ದು. ನೋಟಿಸು, ನ್ಯಾಯಾಲಯಗಳ ಮಾತು ಕೊನೆಯಲ್ಲಿ ಬರುತ್ತದೆ, ಏಕೆಂದರೆ ಅವುಗಳ ಅಗತ್ಯ ಬೀಳದಂತೆ ನೋಡಿಕೊಳ್ಳುವುದು ಬಹುಮಟ್ಟಿಗೆ ಸಾಧ್ಯ.

ಯಾವ ಕಾನೂನು ಅನ್ವಯಿಸುತ್ತದೆ

ಅಡ್ವಾನ್ಸ್ ಎರಡು ತಿಂಗಳ ಬಾಡಿಗೆಯನ್ನು ಮೀರಬಾರದೆಂಬ ಕಾನೂನು ಬಂದಿದೆ ಎಂದು ವಾಟ್ಸ್ಆ್ಯಪಿನಲ್ಲಿ ಹರಿದಾಡುವ ಸಂದೇಶವನ್ನು ನಂಬಿ ಮಾಲಕರೊಡನೆ ವಾದಕ್ಕಿಳಿಯುವವರಿದ್ದಾರೆ. ಆ ಮಿತಿ ಇರುವುದು ಕೇಂದ್ರ ಸರಕಾರ 2021ರ ಜೂನ್‌ನಲ್ಲಿ ಒಪ್ಪಿಗೆ ನೀಡಿ ರಾಜ್ಯಗಳಿಗೆ ಕಳುಹಿಸಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ. ಹೆಸರೇ ಹೇಳುವಂತೆ ಅದು ಮಾದರಿ. ರಾಜ್ಯದ ವಿಧಾನ ಮಂಡಲ ತನ್ನದೇ ಕಾನೂನಾಗಿ ಅದನ್ನು ತಾರದೆ ನಮ್ಮ ಕರಾರುಗಳ ಮೇಲೆ ಅದಕ್ಕೆ ಅಧಿಕಾರವಿಲ್ಲ. ಕರ್ನಾಟಕ ಬಾಡಿಗೆ ಅಧಿನಿಯಮ, 1999 ಕೂಡ ಪಟ್ಟಿ ಮಾಡಿದ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂ. ಮೀರಿದ, ಉಳಿದೆಡೆ 2,000 ರೂ. ಮೀರಿದ ಬಾಡಿಗೆಯ ಕಟ್ಟಡಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿರುವುದರಿಂದ, ಇಂದು ಕದ್ರಿಯಲ್ಲಾಗಲಿ ಕುಂಜಿಬೆಟ್ಟಿನಲ್ಲಾಗಲಿ ಬಾಡಿಗೆಗೆ ಸಿಗುವ ಯಾವ ಫ್ಲ್ಯಾಟೂ ಅದರೊಳಗೆ ಬರುವುದು ಕಷ್ಟ. ಉಳಿಯುವುದು ನೀವು ಸಹಿ ಹಾಕಿದ ಕರಾರು ಪತ್ರ, ಅದರ ಹಿಂದೆ ನಿಂತಿರುವ ಭಾರತೀಯ ಕರಾರು ಅಧಿನಿಯಮ, 1872 ಮತ್ತು ಸ್ವತ್ತು ವರ್ಗಾವಣೆ ಅಧಿನಿಯಮ, 1882. ಆದ್ದರಿಂದ ಮೊದಲ ಕೆಲಸ, ಅಲಮಾರಿಯ ತಳದಲ್ಲಿರುವ ಆ ಹನ್ನೊಂದು ತಿಂಗಳ ಅಗ್ರಿಮೆಂಟನ್ನು ಹೊರತೆಗೆದು ಮೊದಲಿನಿಂದ ಕೊನೆಯವರೆಗೆ ಓದುವುದು.

ಓದುವಾಗ ನಾಲ್ಕು ವಿಷಯಗಳನ್ನು ಹುಡುಕಿ. ಮನೆ ಬಿಡಲು ಎಷ್ಟು ದಿನ ಮುಂಚಿತವಾಗಿ ತಿಳಿಸಬೇಕು, ಅಡ್ವಾನ್ಸ್ ಯಾವಾಗ ಹಿಂದಿರುಗಿಸಬೇಕು, ಪೈಂಟಿಂಗ್ ಬಾಬ್ತು ಇಂತಿಷ್ಟು ಹಿಡಿದುಕೊಳ್ಳಲಾಗುವುದು ಎಂಬ ಮಾತು ಇದೆಯೇ, ಮತ್ತು ಅಡ್ವಾನ್ಸ್ ಪಡೆದವರು ಎಂದು ಸಹಿ ಹಾಕಿದವರು ಯಾರು. ಕೊನೆಯದನ್ನು ಜನ ನಿರ್ಲಕ್ಷಿಸುತ್ತಾರೆ. ನಮ್ಮಲ್ಲಿ ಮನೆ ತಾಯಿಯ ಹೆಸರಿನಲ್ಲಿದ್ದು, ಮಗ ದುಬೈಯಲ್ಲೋ ಮುಂಬಯಿಯಲ್ಲೋ ಇದ್ದು, ಬಾಡಿಗೆ ವ್ಯವಹಾರವನ್ನು ಮಾವನೋ ನೆರೆಮನೆಯವರೋ ನೋಡಿಕೊಳ್ಳುವುದು ಸಾಮಾನ್ಯ. ಹಣ ಯಾರ ಖಾತೆಗೆ ಹೋಯಿತು, ಕರಾರಿನಲ್ಲಿ ಮಾಲಕರೆಂದು ಯಾರಿದ್ದಾರೆ, ನೀವು ದಿನನಿತ್ಯ ಮಾತಾಡುವವರಿಗೆ ಅಧಿಕಾರ ಪತ್ರವಿದೆಯೇ ಎಂಬುದು ಸ್ಪಷ್ಟವಿಲ್ಲದಿದ್ದರೆ ಮುಂದೆ ಪ್ರತಿಯೊಬ್ಬರೂ ಇನ್ನೊಬ್ಬರತ್ತ ಬೊಟ್ಟು ಮಾಡುತ್ತಾರೆ. ನೀವು ವಾಸವಿದ್ದಾಗಲೇ ಮನೆ ಮಾರಾಟವಾಗಿದ್ದರೆ, ಅಡ್ವಾನ್ಸಿನ ಹೊಣೆ ತನ್ನದು ಎಂದು ಹೊಸ ಮಾಲಕರಿಂದ ಒಂದು ಪತ್ರ ಬರೆಸಿಕೊಳ್ಳುವುದನ್ನು ಮುಂದಕ್ಕೆ ಹಾಕಬೇಡಿ.

ತಿಳಿವಳಿಕೆ ಪತ್ರ ಮತ್ತು ಮನೆ ಬಿಡುವ ಕಾಲ

ಕರಾರಿನಲ್ಲಿ ಒಂದು ತಿಂಗಳು ಅಥವಾ ಎರಡು ತಿಂಗಳು ಮುಂಚಿತವಾಗಿ ತಿಳಿಸಬೇಕೆಂದಿದ್ದರೆ ಅದೇ ನಿಯಮ. ಏನೂ ಬರೆದಿಲ್ಲದಿದ್ದರೆ, ತಿಂಗಳ ಬಾಡಿಗೆಯ ಮನೆಗೆ 15 ದಿನಗಳ ತಿಳಿವಳಿಕೆ ಪತ್ರ ಸಾಕೆಂದು ಸ್ವತ್ತು ವರ್ಗಾವಣೆ ಅಧಿನಿಯಮದ 106ನೇ ಕಲಂ ಹೇಳುತ್ತದೆ. ಕಾನೂನಿಗೆ 15 ದಿನ ಸಾಕಾದರೂ ನಿಮ್ಮ ಹಣದ ದೃಷ್ಟಿಯಿಂದ ಅದು ಸಾಲದು. ಮಾಲಕರು ಹೊಸಬರನ್ನು ಹುಡುಕಲು, ಬ್ರೋಕರಿಗೆ ಹೇಳಲು, ಮನೆ ತೋರಿಸಲು ಸಮಯ ಸಿಕ್ಕಿದರೆ ಆ ಹೊಸ ಅಡ್ವಾನ್ಸ್ ನೀವು ಹೊರಡುವ ಹೊತ್ತಿಗೇ ಅವರ ಕೈಸೇರಬಹುದು. ಮನೆ ನೋಡಲು ಬಂದವರಿಗೆ ಬಾಗಿಲು ತೆರೆದು ತೋರಿಸುವುದು ನಿಮ್ಮ ಕರ್ತವ್ಯವಲ್ಲದಿರಬಹುದು. ಆದರೂ ಮನೆಯನ್ನು ಓರಣವಾಗಿಟ್ಟು ತೋರಿಸಿಕೊಡಿ. ಹೊಸಬರು ಬೇಗ ಬಂದರೆ ಮಾಲಕರಷ್ಟೇ ಲಾಭ ನಿಮಗೂ ಇದೆ.

ಕಾಲದ ಆಯ್ಕೆಯಲ್ಲಿ ಕರಾವಳಿಯ ಎರಡು ಅಂಶಗಳನ್ನು ಗಮನಿಸಬೇಕು. ಶಾಲೆ ಕಾಲೇಜು ಆರಂಭವಾಗುವ ಮೊದಲು, ಅಂದರೆ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಮನೆ ಹುಡುಕುವವರು ಹೆಚ್ಚು, ಮಳೆ ಹಿಡಿಯುವ ಮುನ್ನ ಬಣ್ಣ ಹೊಡೆಸಲೂ ಅನುಕೂಲ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆಟಿ ತಿಂಗಳಲ್ಲಿ ತುಳುನಾಡಿನ ಅನೇಕ ಕುಟುಂಬಗಳು ಹೊಸ ಮನೆಗೆ ಹೋಗುವುದಿಲ್ಲ. ಮಳೆಯಲ್ಲಿ ಗೋಡೆ ಒಣಗದೆ ಪೈಂಟರುಗಳೂ ಕೆಲಸ ಒಪ್ಪಿಕೊಳ್ಳುವುದಿಲ್ಲ. ಜುಲೈಯಲ್ಲಿ ಮನೆ ಖಾಲಿ ಮಾಡಿದವರಿಗೆ ‘ಆಟಿ ಕಳೆಯಲಿ, ಯಾರಾದರೂ ಬರಲಿ, ಕೊಡುತ್ತೇನೆ’ ಎಂಬ ಉತ್ತರ ಸಿಗುವುದು ಇದರಿಂದಲೇ. ವರ್ಗಾವಣೆಯೋ ಕೆಲಸದ ಬದಲಾವಣೆಯೋ ಬಂದಾಗ ತಿಂಗಳನ್ನು ಆರಿಸುವ ಸ್ವಾತಂತ್ರ್ಯ ನಮಗಿರುವುದಿಲ್ಲ ಎಂಬುದು ನಿಜ. ಸ್ವಾತಂತ್ರ್ಯವಿದ್ದವರು ಮೇ ತಿಂಗಳನ್ನು ಆರಿಸಿಕೊಳ್ಳಲಿ. ಇಲ್ಲದವರು ಹಣ ಹಿಂದಿರುಗಿಸುವ ದಿನಾಂಕವನ್ನು ಬರವಣಿಗೆಯಲ್ಲಿ ಪಡೆಯುವುದರ ಕಡೆಗೆ ಇಮ್ಮಡಿ ಗಮನ ಕೊಡಲಿ. ಹೊಸ ಬಾಡಿಗೆದಾರರು ಬರುವವರೆಗೆ ಕಾಯಬೇಕೆಂಬ ಷರತ್ತು ಕರಾರಿನಲ್ಲಿ ಇಲ್ಲದಿದ್ದರೆ ಕಾಯುವ ಬಾಧ್ಯತೆ ನಿಮಗಿಲ್ಲ.

ತಿಳಿವಳಿಕೆಯನ್ನು ಬಾಯಿ ಮಾತಿನಲ್ಲಿ ಹೇಳಿ ಬಿಟ್ಟುಬಿಡಬೇಡಿ. ಮೊದಲು ಮನೆಗೆ ಹೋಗಿಯೋ ಫೋನಿನಲ್ಲೋ ಮರ್ಯಾದೆಯಿಂದ ತಿಳಿಸಿ, ಅದೇ ದಿನ ಪತ್ರವನ್ನೂ ಕೊಡಿ. ಪತ್ರ ಹೀಗಿದ್ದರೆ ಸಾಕು: ‘ಮಾನ್ಯರೇ, ತಮ್ಮ ಮನೆಯಲ್ಲಿ ಬಾಡಿಗೆಗಿರುವ ನಾವು ಮುಂದಿನ ಮೇ 31ರಂದು ಮನೆಯನ್ನು ಖಾಲಿ ಮಾಡಿ ತಮಗೆ ಒಪ್ಪಿಸಲಿದ್ದೇವೆ. ಕರಾರಿನ ಸಮಯದಲ್ಲಿ ಬ್ಯಾಂಕ್ ಮೂಲಕ ಕೊಟ್ಟ 75,000 ರೂ. ಭದ್ರತಾ ಠೇವಣಿಯನ್ನು ಅದೇ ದಿನ ಕೆಳಗಿನ ಖಾತೆಗೆ ಹಿಂದಿರುಗಿಸಬೇಕಾಗಿ ವಿನಂತಿ. ಅದಕ್ಕೆ ಮೊದಲು ತಮಗೆ ಅನುಕೂಲವಾದ ಒಂದು ದಿನ ಬಂದು ಮನೆಯನ್ನು ನಮ್ಮೊಂದಿಗೆ ನೋಡಿ, ದುರಸ್ತಿ ಏನಾದರೂ ಇದ್ದರೆ ತಿಳಿಸಿದಲ್ಲಿ ಮನೆ ಬಿಡುವ ಮುನ್ನವೇ ಸರಿಪಡಿಸಿಕೊಡುತ್ತೇವೆ.’ ಇದರ ಪ್ರತಿಯನ್ನು ವಾಟ್ಸ್ಆ್ಯಪಿಗೂ ಇ-ಮೇಲಿಗೂ ಕಳುಹಿಸಿ. ಪತ್ರದ ಕೊನೆಯ ವಾಕ್ಯಕ್ಕೆ ಬಹಳ ಬೆಲೆಯಿದೆ. ಒಡೆದ ನಲ್ಲಿಯನ್ನು ನೀವೇ ಪ್ಲಂಬರನ್ನು ಕರೆಸಿ ಬದಲಿಸಿದರೆ ಆಗುವ ಖರ್ಚಿಗೂ, ನೀವು ಹೋದ ಬಳಿಕ ಅಡ್ವಾನ್ಸಿನಿಂದ ಮುರಿದುಕೊಳ್ಳುವ ಮೊತ್ತಕ್ಕೂ ಸಾಮಾನ್ಯವಾಗಿ ದೊಡ್ಡ ಅಂತರವಿರುತ್ತದೆ.

ಮಾಲಕರು ಹಣ ಕೊಡಲಾರರೆಂಬ ಅಂಜಿಕೆಯಿಂದ ಕೊನೆಯ ಎರಡು ಮೂರು ತಿಂಗಳ ಬಾಡಿಗೆ ಕಟ್ಟದೆ ‘ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳಿ’ ಎನ್ನುವ ದಾರಿಯನ್ನು ನಾನು ಶಿಫಾರಸು ಮಾಡುವುದಿಲ್ಲ. ಕರಾರಿನ ಪ್ರಕಾರ ಬಾಡಿಗೆ ಬಾಕಿ ಇಟ್ಟವರು ನೀವಾಗುತ್ತೀರಿ, ಮಾತುಕತೆಯ ಬಾಗಿಲೂ ಮುಚ್ಚುತ್ತದೆ. ಮಾಲಕರೇ ಒಪ್ಪಿದರೆ ವಿಷಯ ಬೇರೆ. ಆಗ ಆ ಒಪ್ಪಿಗೆಯನ್ನು ಎರಡು ಸಾಲುಗಳಲ್ಲಿ ಬರೆಸಿಕೊಂಡು ಹಾಗೆಯೇ ಮಾಡಬಹುದು. ಕೈಯಲ್ಲಿ ಹಣವಿಲ್ಲದ ಮಾಲಕರಿಗೆ ಇದೊಂದು ಒಳ್ಳೆಯ ಪರಿಹಾರ, ಮತ್ತು ಹಾಗೆಂದು ನೀವೇ ಸೂಚಿಸಿದರೆ ತಪ್ಪೇನಿಲ್ಲ.

ಮಳೆ ಮಾಡಿದ ಹಾನಿ, ಬಾಡಿಗೆದಾರ ಮಾಡಿದ ಹಾನಿ

ನಮ್ಮ ಕಡೆ ಅಡ್ವಾನ್ಸಿನ ಜಗಳಗಳಲ್ಲಿ ಗೋಡೆಯದ್ದೇ ದೊಡ್ಡ ಪಾಲು. ಫೆಬ್ರವರಿಯಲ್ಲಿ ಹೊಸ ಬಣ್ಣದಿಂದ ಹೊಳೆಯುತ್ತಿದ್ದ ಮನೆ ಮೂರು ಮಳೆಗಾಲ ಕಳೆದ ಮೇಲೆ ಹಾಗೆಯೇ ಇರುವುದಿಲ್ಲ. ಕೆಂಪುಕಲ್ಲಿನ ಗೋಡೆ ನೀರನ್ನು ಹೀರಿಕೊಳ್ಳುತ್ತದೆ, ಪಡುವಣ ದಿಕ್ಕಿನ ಗೋಡೆಗೆ ಗಾಳಿ ಸಮೇತ ಹೊಡೆಯುವ ಮಳೆ ಒಳಗಿನ ಬಣ್ಣವನ್ನು ಗುಳ್ಳೆ ಎಬ್ಬಿಸಿ ಉದುರಿಸುತ್ತದೆ, ಅಲಮಾರಿಯ ಹಿಂದೆ ಬೂಷ್ಟು ಬೆಳೆಯುತ್ತದೆ, ಮರದ ಬಾಗಿಲು ಉಬ್ಬಿ ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತದೆ. ಮಲ್ಪೆ, ಉಳ್ಳಾಲ, ಸುರತ್ಕಲ್‌ನಂಥ ಕಡಲ ಬದಿಯ ಊರುಗಳಲ್ಲಿ ಕಿಟಕಿಯ ಸರಳುಗಳಿಗೆ ಉಪ್ಪುಗಾಳಿಯಿಂದ ತುಕ್ಕು ಹಿಡಿಯುತ್ತದೆ. ಹಂಚಿನ ಮನೆಯಾದರೆ ಸರಿದ ಹಂಚಿನ ಸಂದಿಯಿಂದ ಸೋರಿದ ನೀರು ಗೋಡೆಯ ಮೇಲೆ ಕಂದು ಗೆರೆ ಎಳೆಯುತ್ತದೆ. ಇವುಗಳಲ್ಲಿ ಯಾವುದೂ ಬಾಡಿಗೆದಾರರ ಕೈಯಿಂದ ಆದದ್ದಲ್ಲ.

ಸ್ವತ್ತು ವರ್ಗಾವಣೆ ಅಧಿನಿಯಮದ 108ನೇ ಕಲಂ ಬಾಡಿಗೆದಾರರ ಕರ್ತವ್ಯವನ್ನು ಹೇಳುವಾಗ, ಮನೆಯನ್ನು ಪಡೆದಾಗ ಹೇಗಿತ್ತೋ ಹಾಗೆಯೇ ಒಪ್ಪಿಸಬೇಕೆಂದು ವಿಧಿಸಿ, ಸಹಜ ಬಳಕೆಯ ಸವಕಳಿಯಿಂದಲೂ ತಡೆಯಲಾಗದ ಶಕ್ತಿಯಿಂದಲೂ ಆದ ಬದಲಾವಣೆಗಳನ್ನು ಅದರಿಂದ ಹೊರಗಿಡುತ್ತದೆ. ಕಾಲಕ್ರಮದಲ್ಲಿ ಮಾಸಿದ ಬಣ್ಣ, ಸವೆದ ನೆಲ, ಸಡಿಲವಾದ ತಿರುಪು, ಮಳೆಯ ತೇವ ಇವೆಲ್ಲ ಸಹಜ ಸವಕಳಿಯ ಪಾಲಿಗೆ ಬರುತ್ತವೆ ಎಂದು ವಾದಿಸಲು ನಿಮಗೆ ಗಟ್ಟಿಯಾದ ಆಧಾರ ಇದೇ. ಆದರೆ ಆ ವಾದ ನಿಲ್ಲಬೇಕಾದರೆ ತೇವ ಹೊರಗಿನಿಂದ ಬಂತು ಎಂಬುದು ಕಾಣಿಸಬೇಕು, ಮತ್ತು ಸೋರಿಕೆಯನ್ನು ನೀವು ಕಂಡ ಕೂಡಲೇ ಮಾಲಕರಿಗೆ ತಿಳಿಸಿರಬೇಕು. ಜೂನ್‌ನಲ್ಲಿ ಮೊದಲ ಕಲೆ ಕಂಡ ದಿನವೇ ಒಂದು ಚಿತ್ರ ತೆಗೆದು ‘ಮಲಗುವ ಕೋಣೆಯ ಮೂಲೆಯಲ್ಲಿ ನೀರು ಒಸರುತ್ತಿದೆ, ದಯವಿಟ್ಟು ನೋಡಿಸಿ’ ಎಂದು ಬರೆದು ಕಳುಹಿಸಿದ ಆ ಒಂದು ಸಂದೇಶ, ಮೂರು ವರ್ಷಗಳ ನಂತರ ಸಾವಿರಾರು ರೂಪಾಯಿಗಳನ್ನು ಉಳಿಸಿಕೊಡಬಲ್ಲದು. ಹೇಳದೆ ಸುಮ್ಮನಿದ್ದವರಿಗೆ, ‘ಆಗಲೇ ಹೇಳಿದ್ದರೆ ಸಣ್ಣದರಲ್ಲಿ ಮುಗಿಯುತ್ತಿತ್ತು, ನಿಮ್ಮಿಂದಲೇ ಹಾನಿ ಹೆಚ್ಚಾಯಿತು’ ಎಂಬ ಮಾತು ಎದುರಾಗುತ್ತದೆ, ಮತ್ತು ಆ ಮಾತಿನಲ್ಲಿ ಸ್ವಲ್ಪ ನ್ಯಾಯವೂ ಇದೆ. ದುರಸ್ತಿ ಮಾಲಕರ ಹೊಣೆಯೆಂದು ಕರಾರಿನಲ್ಲಿದ್ದು, ತಿಳಿಸಿದ ಮೇಲೂ ಅವರು ಸಮಂಜಸ ಸಮಯದೊಳಗೆ ಮಾಡಿಸದಿದ್ದರೆ, ನೀವೇ ಮಾಡಿಸಿ ಆ ಖರ್ಚನ್ನು ಬಾಡಿಗೆಯಲ್ಲಿ ಕಳೆದುಕೊಳ್ಳಲು ಅದೇ 108ನೇ ಕಲಂ ಅವಕಾಶ ಕೊಡುತ್ತದೆ. ಬಿಲ್ಲುಗಳನ್ನು ಜೋಪಾನವಾಗಿಡಿ.

ಬಾಡಿಗೆದಾರರ ಪಾಲಿಗೆ ನ್ಯಾಯವಾಗಿ ಬೀಳುವವೂ ಇವೆ, ಅವನ್ನು ಒಪ್ಪಿಕೊಳ್ಳಬೇಕು. ಟಿವಿ ಕೂರಿಸಲು ಕೊರೆದ ತೂತುಗಳು, ಮಕ್ಕಳು ಕ್ರೇಯಾನಿನಿಂದ ತುಂಬಿದ ಗೋಡೆ, ಚಿಮಣಿ ಇಲ್ಲದ ಅಡುಗೆಮನೆಯಲ್ಲಿ ವರ್ಷಗಟ್ಟಲೆ ಒರಸದೆ ಕಟ್ಟಿದ ಎಣ್ಣೆಯ ಜಿಡ್ಡು, ಆ್ಯಸಿಡ್ ಸುರಿದು ಹೊಳಪು ಹೋದ ಬಚ್ಚಲಿನ ಟೈಲ್ಸ್, ಭಾರವಾದುದನ್ನು ಬೀಳಿಸಿ ಒಡೆದ ಕಾವಿ ನೆಲ ಇವು ಸವಕಳಿಯಲ್ಲ. ನಡುವಿನ ಪ್ರಕರಣಗಳು ಕಷ್ಟದವು. ಮಳೆಗಾಲದಲ್ಲಿ ಕಿಟಕಿ ಮುಚ್ಚಿ ಒಳಗೇ ಹಗ್ಗ ಕಟ್ಟಿ ಬಟ್ಟೆ ಒಣಗಿಸಿದರೆ ಸೀಲಿಂಗಿನಲ್ಲಿ ಬೂಷ್ಟು ಹಿಡಿಯುತ್ತದೆ. ಬಟ್ಟೆ ಒಣಗಿಸಲು ಬೇರೆ ಜಾಗವೇ ಇಲ್ಲದ ಫ್ಲ್ಯಾಟಿನಲ್ಲಿ ಅದನ್ನು ಬಾಡಿಗೆದಾರರ ತಪ್ಪೆನ್ನಲಾಗದು, ಬಾಲ್ಕನಿ ಇದ್ದೂ ಹಾಗೆ ಮಾಡಿದ್ದರೆ ಪೂರ್ತಿ ಮಾಲಕರ ಮೇಲೆ ಹಾಕಲೂ ಆಗದು. ಮಾಡಿನ ಗಟರಿನಲ್ಲಿ ತೆಂಗಿನ ಗರಿ, ಎಲೆ ತುಂಬಿ ನೀರು ಗೋಡೆಗೆ ಹರಿದಿದ್ದರೆ, ಮಳೆಗೆ ಮುನ್ನ ಶುಚಿ ಮಾಡಿಸುವ ಹೊಣೆ ಕರಾರಿನಲ್ಲಿ ಯಾರಿಗಿತ್ತು ಎಂದು ನೋಡಬೇಕು. ಇಂಥವುಗಳಲ್ಲಿ ಅರ್ಧ ಅರ್ಧ ಹಂಚಿಕೊಳ್ಳಲು ನೀವಾಗಿಯೇ ಮುಂದಾದರೆ ಉಳಿದ ಹಣದ ಮಾತು ಸುಗಮವಾಗುತ್ತದೆ.

ಪೈಂಟಿಂಗಿನ ಲೆಕ್ಕ ಹೇಗಿರಬೇಕೆಂದು ಒಂದು ಕಾಲ್ಪನಿಕ ಉದಾಹರಣೆಯಿಂದ ನೋಡೋಣ. ಅಡ್ವಾನ್ಸ್ 75,000 ರೂ., ವಾಸ ನಾಲ್ಕು ವರ್ಷ, ಮಾಲಕರು ಇಡೀ ಮನೆಯ ಬಣ್ಣಕ್ಕೆಂದು 24,000 ರೂ. ಹಿಡಿಯುತ್ತೇನೆನ್ನುತ್ತಾರೆ. ನಾಲ್ಕು ವರ್ಷ ಹಳೆಯ ಬಣ್ಣವನ್ನು ನೀವಿರಲಿ ಬಿಡಲಿ ಮತ್ತೆ ಹೊಡೆಸಲೇಬೇಕಿತ್ತು. ಹೊಸ ಬಣ್ಣದ ಪ್ರಯೋಜನ ಪಡೆಯುವವರು ಮಾಲಕರು ಮತ್ತು ಮುಂದಿನ ಬಾಡಿಗೆದಾರರು. ನಿಮ್ಮ ಹೊಣೆ ಮಕ್ಕಳು ಗೀಚಿದ ಮತ್ತು ತೂತು ಕೊರೆದ ಎರಡು ಗೋಡೆಗಳಷ್ಟೇ. ಅವುಗಳಿಗೆ ಪೈಂಟರು ಹೇಳಿದ ಕೂಲಿ ಮತ್ತು ಬಣ್ಣ ಸೇರಿ 4,500 ರೂ., ಒಡೆದ ಕಿಟಕಿ ಗಾಜಿಗೆ 800 ರೂ., ಕೊನೆಯ ನೀರಿನ ಬಿಲ್ಲಿಗೆ 350 ರೂ. ಎಂದಿಟ್ಟುಕೊಂಡರೆ ಒಟ್ಟು 5,650 ರೂ. ಕಳೆದು 69,350 ರೂ. ನಿಮಗೆ ಬರಬೇಕು. ‘ಮನೆ ಬಿಡುವಾಗ ಪೈಂಟಿಂಗಿಗೆ ಒಂದು ತಿಂಗಳ ಬಾಡಿಗೆ’ ಎಂಬ ಷರತ್ತಿಗೆ ಸಹಿ ಹಾಕಿದವರ ಸ್ಥಿತಿ ಬೇರೆ. ಅದು ನೀವು ಒಪ್ಪಿಕೊಂಡ ಮಾತಾದ್ದರಿಂದ ಅದರೊಳಗೇ ಚೌಕಾಸಿ ಮಾಡಬೇಕಾಗುತ್ತದೆ, ಅದರ ಮೇಲೆ ಇನ್ನೊಂದು ರೂಪಾಯಿಯನ್ನೂ ಬಣ್ಣದ ಬಾಬ್ತು ಕೊಡುವ ಅಗತ್ಯವಿಲ್ಲ. ಷರತ್ತಿಲ್ಲದ ಕಡೆ ‘ಇಲ್ಲಿ ಎಲ್ಲರೂ ಕೊಡುತ್ತಾರೆ’ ಎಂಬುದು ಕಾರಣವಾಗದು. ಪ್ರತಿಯೊಂದು ಕಡಿತಕ್ಕೂ ಬಿಲ್ಲು ಅಥವಾ ಕನಿಷ್ಠ ಪೈಂಟರ ಬರಹದ ಅಂದಾಜನ್ನು ಕೇಳಿ; ಕರಾರು ಅಧಿನಿಯಮದ 73 ಮತ್ತು 74ನೇ ಕಲಂಗಳು ನಷ್ಟಕ್ಕೆ ತಕ್ಕ ಸಮಂಜಸ ಪರಿಹಾರವನ್ನು ಹೇಳುತ್ತವೆಯೇ ಹೊರತು ಮನಸ್ಸಿಗೆ ತೋಚಿದ ಮೊತ್ತವನ್ನಲ್ಲ.

ಮನೆ ಹಿಡಿದ ದಿನದ ಚಿತ್ರಗಳಿದ್ದರೆ ಈ ಚರ್ಚೆಯೆಲ್ಲ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಇಲ್ಲದಿದ್ದವರು ನಿರಾಶರಾಗಬೇಕಿಲ್ಲ. ಬ್ರೋಕರು ಆಗ ಕಳುಹಿಸಿದ ಮನೆಯ ಚಿತ್ರಗಳು, ಜಾಹೀರಾತಿನಲ್ಲಿ ಹಾಕಿದ್ದವು, ಹಾಲು ಉಕ್ಕಿಸಿದ ದಿನವೋ ಮಗುವಿನ ಹುಟ್ಟುಹಬ್ಬದ ದಿನವೋ ತೆಗೆದ ಚಿತ್ರಗಳ ಹಿನ್ನೆಲೆಯಲ್ಲಿ ಕಾಣುವ ಗೋಡೆ ಇವೆಲ್ಲ ದಿನಾಂಕ ಸಹಿತ ಸಾಕ್ಷ್ಯಗಳೇ. ಫೋನು ಬದಲಿಸುವಾಗ ಅವು ಅಳಿಸಿಹೋಗದಂತೆ ನೋಡಿಕೊಳ್ಳಿ. ಇದನ್ನು ಓದುತ್ತಿರುವವರು ಈಗಷ್ಟೇ ಹೊಸ ಮನೆ ಹಿಡಿಯುತ್ತಿದ್ದರೆ, ಸಾಮಾನು ಇಳಿಸುವ ಮುನ್ನ ಪ್ರತಿ ಕೋಣೆಯ ನಾಲ್ಕೂ ಗೋಡೆ, ಸೀಲಿಂಗ್, ನಲ್ಲಿ, ಗೀಸರ್, ಫ್ಯಾನ್, ನೀರಿನ ಪಂಪು, ಮೀಟರು ಇವುಗಳ ವೀಡಿಯೊ ಮಾಡಿ ಅಂದೇ ಮಾಲಕರಿಗೆ ಕಳುಹಿಸಲಿ.

ಬಿಲ್ಲುಗಳು, ಆಧಾರ್ ಜೋಡಣೆ

ಮೆಸ್ಕಾಂನ ವಿದ್ಯುತ್ ಬಿಲ್ಲನ್ನು ಬಿಡುವ ದಿನದವರೆಗೆ ಚುಕ್ತಾ ಮಾಡಿ, ಮೀಟರಿನ ಅಂದಿನ ರೀಡಿಂಗಿನ ಚಿತ್ರವನ್ನು ಇಟ್ಟುಕೊಳ್ಳಿ. ಗೃಹಜ್ಯೋತಿ ಯೋಜನೆಗೆ ನಿಮ್ಮ ಆಧಾರ್ ಸಂಖ್ಯೆಯನ್ನು ಆ ಮನೆಯ ಆರ್‌ಆರ್ ಸಂಖ್ಯೆಗೆ (ವಿದ್ಯುತ್ ಬಿಲ್ಲಿನಲ್ಲಿರುವ ಸಂಪರ್ಕ ಸಂಖ್ಯೆ) ಜೋಡಿಸಿದ್ದರೆ, ಅದನ್ನು ಸೇವಾ ಸಿಂಧು ಜಾಲತಾಣದಲ್ಲಿ ಬಿಡಿಸಿಕೊಳ್ಳಬೇಕು. ಹಾಗೆ ಮಾಡದಿದ್ದರೆ ಹೊಸ ಮನೆಯಲ್ಲಿ ನಿಮಗೂ, ಹಳೆಯ ಮನೆಗೆ ಬರುವವರಿಗೂ ಯೋಜನೆಯ ಲಾಭ ಸಿಗುವುದಿಲ್ಲ, ಮಾಲಕರಿಗೆ ಹಣ ತಡೆಹಿಡಿಯಲು ಒಂದು ನೆಪವೂ ಸಿಗುತ್ತದೆ. ಇನ್ನೊಂದು ಸಂಗತಿಯನ್ನು ಬಹಳ ಮಂದಿ ಗಮನಿಸುವುದಿಲ್ಲ. ಬಳಕೆ ಹೆಚ್ಚಾದಾಗ ಮೆಸ್ಕಾಂ ಕೇಳುವ ಹೆಚ್ಚುವರಿ ಭದ್ರತಾ ಠೇವಣಿಯನ್ನು ನೀವು ಕಟ್ಟಿದ್ದರೆ, ಆ ಹಣ ಮಾಲಕರ ಹೆಸರಿನ ಸಂಪರ್ಕದಲ್ಲೇ ಉಳಿಯುತ್ತದೆ. ಅದು ಬಳಕೆಯ ಶುಲ್ಕವಲ್ಲ. ರಶೀದಿ ತೋರಿಸಿ ಅದನ್ನು ಮಾಲಕರಿಂದ ಕೇಳಿ ಪಡೆಯಬಹುದು.

ಪಾಲಿಕೆ ಅಥವಾ ನಗರಸಭೆಯ ನೀರಿನ ಬಿಲ್ಲು, ಫ್ಲ್ಯಾಟಾದರೆ ಅಸೋಸಿಯೇಶನ್ನಿನ ಮೈಂಟೆನೆನ್ಸ್, ಬೇಸಿಗೆಯಲ್ಲಿ ಹಂಚಿಕೊಂಡು ತರಿಸಿದ ಟ್ಯಾಂಕರ್ ನೀರಿನ ಪಾಲು ಇವುಗಳ ರಶೀದಿಗಳನ್ನು ಒಂದೆಡೆ ಇಡಿ. ಅಸೋಸಿಯೇಶನ್ನಿನಿಂದ ಬಾಕಿ ಇಲ್ಲವೆಂಬ ಪತ್ರ ಪಡೆದರೆ ಇನ್ನೂ ಒಳ್ಳೆಯದು.

ಬೀಗದ ಕೈ ಒಪ್ಪಿಸುವ ದಿನ

ಸಾಮಾನೆಲ್ಲ ಹೊರಗೆ ಹೋಗಿ, ಮನೆ ಗುಡಿಸಿ ಒರಸಿದ ಮೇಲೆ, ಹಗಲು ಬೆಳಕಿನಲ್ಲಿ ಮಾಲಕರು ಅಥವಾ ಅವರ ಪರವಾಗಿ ಅಧಿಕಾರವುಳ್ಳವರು ಬಂದು ನೋಡಲಿ. ವಿದೇಶದಲ್ಲಿರುವ ಮಾಲಕರಾದರೆ ವೀಡಿಯೊ ಕರೆಯಲ್ಲಿ ಕೋಣೆ ಕೋಣೆ ತೋರಿಸಿ, ಕರೆ ಮುಗಿದ ಬಳಿಕ ನೋಡಿದ್ದನ್ನೂ ಒಪ್ಪಿದ್ದನ್ನೂ ಸಂದೇಶದಲ್ಲಿ ಬರೆದು ಅವರಿಂದ ಉತ್ತರ ಪಡೆಯಿರಿ. ನಂತರ ಒಂದು ಹಾಳೆಯಲ್ಲಿ ಒಟ್ಟು ಅಡ್ವಾನ್ಸ್, ಪ್ರತಿಯೊಂದು ಕಡಿತ ಮತ್ತು ಅದರ ಕಾರಣ, ಬರಬೇಕಾದ ಮೊತ್ತ, ಕೊಡುವ ದಿನಾಂಕ, ಒಪ್ಪಿಸಿದ ಬೀಗದ ಕೈಗಳ ಸಂಖ್ಯೆ, ಮೀಟರ್ ರೀಡಿಂಗ್ ಇವಿಷ್ಟನ್ನು ಬರೆದು ಇಬ್ಬರೂ ಸಹಿ ಹಾಕಿ ಒಂದೊಂದು ಪ್ರತಿ ಇಟ್ಟುಕೊಳ್ಳಿ. ಕೈಬರಹದಲ್ಲಿದ್ದರೂ ಸಾಕು. ಮನೆ ಹಿಡಿಯುವಾಗ ಕಾಗದಪತ್ರಕ್ಕೆ ಅಷ್ಟು ಗಮನ ಕೊಡುವ ನಾವು, ಬಿಡುವಾಗ ‘ಇಷ್ಟು ವರ್ಷ ಮನೆಯವರಂತೆ ಇದ್ದೆವು, ಬರೆಸಿಕೊಳ್ಳುವುದು ಚೆನ್ನಾಗಿರುವುದಿಲ್ಲ’ ಎಂದು ಸಂಕೋಚಪಡುತ್ತೇವೆ. ಆ ಸಂಕೋಚ ಸಹಜ, ಆದರೆ ಇಬ್ಬರ ಒಳ್ಳೆಯ ಸಂಬಂಧವನ್ನು ಮುಂದೆ ಕಾಪಾಡುವುದೂ ಆ ಹಾಳೆಯೇ.

ಅಂದೇ ಹಣ ಖಾತೆಗೆ ಬಂದರೆ ರಶೀದಿ ಬರೆದುಕೊಟ್ಟು, ಮೂಲ ಕರಾರು ಪತ್ರದ ಮೇಲೆ ಮುಕ್ತಾಯವಾಯಿತೆಂದು ಸಹಿ ಹಾಕಿಕೊಳ್ಳಬಹುದು. ಬಾರದಿದ್ದರೆ ಬೀಗದ ಕೈ ಕೊಡದೆ ತಿಂಗಳುಗಟ್ಟಲೆ ಇಟ್ಟುಕೊಳ್ಳುವುದು ಸೂಕ್ತವೆಂದು ನನಗೆ ಅನ್ನಿಸುವುದಿಲ್ಲ, ಏಕೆಂದರೆ ಮನೆ ಇನ್ನೂ ನಿಮ್ಮ ವಶದಲ್ಲಿದೆಯೆಂದು ಆ ತಿಂಗಳುಗಳ ಬಾಡಿಗೆಯನ್ನು ಅಡ್ವಾನ್ಸಿನಿಂದ ಮುರಿಯುವ ದಾರಿ ತೆರೆಯುತ್ತದೆ. ಅದರ ಬದಲು ಒಪ್ಪಿದ ದಿನಾಂಕಕ್ಕೆ ಚೆಕ್ ಕೇಳಿ. ಚೆಕ್ಕಿನ ಬಲ ದೊಡ್ಡದು. ಅದರ ಮೇಲಿನ ದಿನಾಂಕದಿಂದ ಮೂರು ತಿಂಗಳೊಳಗೆ ಅದನ್ನು ಬ್ಯಾಂಕಿಗೆ ಹಾಕಬೇಕು. ಖಾತೆಯಲ್ಲಿ ಹಣ ಸಾಲದೆ ಹಿಂದಿರುಗಿದರೆ, ಆ ಮಾಹಿತಿ ಬಂದ 30 ದಿನಗಳೊಳಗೆ ಲಿಖಿತ ನೋಟಿಸು ಕೊಡಬೇಕು. ನೋಟಿಸು ತಲುಪಿದ 15 ದಿನಗಳೊಳಗೆ ಹಣ ಬಾರದಿದ್ದರೆ, ನಂತರದ ಒಂದು ತಿಂಗಳೊಳಗೆ ವರ್ಗಾವಣೀಯ ಪತ್ರಗಳ ಅಧಿನಿಯಮ, 1881ರ 138ನೇ ಕಲಂ ಪ್ರಕಾರ ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ದೂರು ದಾಖಲಿಸಬಹುದು. ಈ ಗಡುವುಗಳು ಕಟ್ಟುನಿಟ್ಟಾದವು, ಆದುದರಿಂದ ಚೆಕ್ ಹಿಂದಿರುಗಿದ ದಿನವೇ ವಕೀಲರನ್ನು ಕಾಣಿ.

ಹಣ ಬಾರದೇ ಹೋದಾಗ

ಒಪ್ಪಿದ ದಿನಾಂಕ ಮೀರಿದ ಮೇಲೆ ಫೋನು ಮಾಡುವುದನ್ನು ಕಡಿಮೆ ಮಾಡಿ ಬರೆಯುವುದನ್ನು ಹೆಚ್ಚಿಸಿ. ಮೊದಲು ಒಂದು ಸೌಮ್ಯ ಸಂದೇಶ, ಉತ್ತರವಿಲ್ಲದಿದ್ದರೆ ಅಂಚೆಯಲ್ಲಿ ಪತ್ರ. ಪತ್ರವನ್ನು ನೀವೇ ಬರೆಯಬಹುದು. ವಕೀಲರ ಮೂಲಕವಾದರೆ ಅದಕ್ಕೆ ತೂಕ ಹೆಚ್ಚು. ಕರಾರಿನ ದಿನಾಂಕ, ಅಡ್ವಾನ್ಸ್ ಕೊಟ್ಟ ಬ್ಯಾಂಕ್ ವರ್ಗಾವಣೆಯ ವಿವರ, ಮನೆ ಒಪ್ಪಿಸಿದ ದಿನ, ಬರಬೇಕಾದ ಮೊತ್ತ ಮತ್ತು ಹಣ ಕೊಡಲು 15 ದಿನಗಳ ಗಡುವು ಅದರಲ್ಲಿರಲಿ. ಗಡುವಿನ ನಂತರ ಬಡ್ಡಿಯನ್ನೂ ಕೇಳಲಾಗುವುದು ಎಂದು ಮರೆಯದೆ ಬರೆಯಿರಿ. ಬಡ್ಡಿಯ ಬಗ್ಗೆ ಕರಾರಿನಲ್ಲಿ ಮಾತಿಲ್ಲದಿದ್ದಾಗ, ಲಿಖಿತ ನೋಟಿಸಿನಲ್ಲಿ ಕೇಳಿದ್ದರೆ ಅದರ ಆಧಾರದ ಮೇಲೆ ಬಡ್ಡಿ ಕೊಡಿಸಲು ಬಡ್ಡಿ ಅಧಿನಿಯಮ, 1978 ನ್ಯಾಯಾಲಯಕ್ಕೆ ಅವಕಾಶ ಕೊಟ್ಟಿದೆ. ತಲುಪಿದ್ದಕ್ಕೆ ದಾಖಲೆ ಸಿಗುವಂತೆ ಅಂಚೆಯಲ್ಲಿ ಕಳುಹಿಸಿ, ವಿದೇಶದಲ್ಲಿರುವವರಿಗೆ ಇ-ಮೇಲ್ ಮತ್ತು ಊರಿನ ವಿಳಾಸ ಎರಡಕ್ಕೂ ಕಳುಹಿಸಿ.

ಪೊಲೀಸ್ ಠಾಣೆಗೆ ಹೋಗುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಅಡ್ವಾನ್ಸ್ ಕೊಡದಿರುವುದು ಸಿವಿಲ್ ವ್ಯಾಜ್ಯ, ಹಣ ವಸೂಲು ಮಾಡಿಕೊಡುವುದು ಪೊಲೀಸರ ಕೆಲಸವಲ್ಲ. ಸಾಮಾನನ್ನು ಒಳಗಿಟ್ಟು ಬೀಗ ಹಾಕಿದರೆ, ಬೆದರಿಸಿದರೆ ಮಾತ್ರ ಅಲ್ಲಿಗೆ ಹೋಗಿ. ಮಣಿಪಾಲ, ದೇರಳಕಟ್ಟೆ, ಸುರತ್ಕಲ್‌ಗಳಲ್ಲಿ ಊಟ, ಶುಚಿತ್ವ ಸೇವೆಗಳ ಸಹಿತ ನಡೆಯುವ ಪಿಜಿಗಳ ಠೇವಣಿಯ ವಿಷಯವಾದರೆ ಜಿಲ್ಲಾ ಗ್ರಾಹಕ ಆಯೋಗದ ದಾರಿಯಿದೆ. 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಮೊದಲು ಕರೆ ಮಾಡಬಹುದು. ಬರಿಯ ಮನೆಯ ಬಾಡಿಗೆಗೆ ಆ ದಾರಿ ಸಾಮಾನ್ಯವಾಗಿ ಒದಗುವುದಿಲ್ಲ.

ನನ್ನ ಅಭಿಪ್ರಾಯದಲ್ಲಿ ಹೆಚ್ಚಿನವರಿಗೆ ಸರಿಯಾದ ಮುಂದಿನ ಮೆಟ್ಟಿಲು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ. ಮಂಗಳೂರಿನಲ್ಲೂ ಉಡುಪಿಯಲ್ಲೂ ಅದು ಇದೆ, ತಾಲೂಕುಗಳಲ್ಲಿ ಕಾನೂನು ಸೇವಾ ಸಮಿತಿಗಳಿವೆ. ದಾವೆ ಹೂಡುವ ಮೊದಲೇ, ವ್ಯಾಜ್ಯಪೂರ್ವ ಪ್ರಕರಣವಾಗಿ, ನ್ಯಾಯಾಲಯ ಶುಲ್ಕವಿಲ್ಲದೆ ಅರ್ಜಿ ಕೊಡಬಹುದು. ಪ್ರಾಧಿಕಾರ ಮಾಲಕರಿಗೆ ಪತ್ರ ಕಳುಹಿಸಿ ಇಬ್ಬರನ್ನೂ ಕರೆಸಿ ಮಾತಾಡಿಸುತ್ತದೆ. ನ್ಯಾಯಾಲಯದ ಆವರಣದಿಂದ ಬಂದ ಪತ್ರ ಕಂಡಾಗ, ಕೊಡಬೇಕೆಂಬ ಮನಸ್ಸಿದ್ದೂ ಮುಂದೂಡುತ್ತಿದ್ದವರು ಕಂತಿನಲ್ಲಾದರೂ ಕೊಡಲು ಒಪ್ಪುತ್ತಾರೆ. ಪ್ರಾಧಿಕಾರ ನಡೆಸುವ ಲೋಕ ಅದಾಲತ್ತಿನಲ್ಲಿ ಆದ ರಾಜಿಗೆ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987ರ ಪ್ರಕಾರ ಸಿವಿಲ್ ನ್ಯಾಯಾಲಯದ ಡಿಕ್ರಿಯ, ಅಂದರೆ ಜಾರಿಗೊಳಿಸಬಹುದಾದ ತೀರ್ಪಿನ, ಬೆಲೆಯಿದೆ, ಅದರ ಮೇಲೆ ಮೇಲ್ಮನವಿ ಇಲ್ಲ. ಮಾಲಕರು ಒಪ್ಪದಿದ್ದರೆ ಅದಾಲತ್ತು ಬಲವಂತ ಮಾಡಲಾರದು ಎಂಬುದು ಅದರ ಮಿತಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ನಿಗದಿತ ಮಿತಿಗಿಂತ ಕಡಿಮೆ ಆದಾಯದವರು ಇದೇ ಪ್ರಾಧಿಕಾರದಿಂದ ಉಚಿತವಾಗಿ ವಕೀಲರ ನೆರವನ್ನೂ ಪಡೆಯಬಹುದು. ಸಹಾಯವಾಣಿ ಸಂಖ್ಯೆ 15100.

ಕೊನೆಯ ದಾರಿ ಸಿವಿಲ್ ದಾವೆ. ಮನೆ ಇರುವ ಊರಿನಲ್ಲೇ ವ್ಯವಹಾರ ನಡೆದಿರುವುದರಿಂದ, ಮಾಲಕರು ಮುಂಬಯಿಯಲ್ಲಿದ್ದರೂ ಮಸ್ಕತ್ತಿನಲ್ಲಿದ್ದರೂ ಮಂಗಳೂರು ಅಥವಾ ಉಡುಪಿಯ ನ್ಯಾಯಾಲಯದಲ್ಲಿ ದಾವೆ ಹೂಡಬಹುದು. ಕಡಿಮೆ ಬೆಲೆಯ ಮುದ್ರಾಂಕದ ಮೇಲೆ ಬರೆದ ಕರಾರನ್ನು ನ್ಯಾಯಾಲಯ ಕೊರತೆ ಶುಲ್ಕವನ್ನೂ ದಂಡವನ್ನೂ ಕಟ್ಟಿಸಿಕೊಂಡ ಮೇಲೆಯೇ ಸಾಕ್ಷ್ಯವಾಗಿ ಸ್ವೀಕರಿಸುತ್ತದೆ. ವಾಟ್ಸ್ಆ್ಯಪ್ ಸಂದೇಶ, ಚಿತ್ರಗಳಿಗೆ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೇ ಕಲಂ ಹೇಳುವ ಪ್ರಮಾಣಪತ್ರ ಲಗತ್ತಿಸಬೇಕು. ಇಪ್ಪತ್ತು ಸಾವಿರದ ಆಸುಪಾಸಿನ ಮೊತ್ತಕ್ಕೆ ದಾವೆಯ ಖರ್ಚು, ಅಲೆದಾಟ ಹೊರೆಯಾಗಬಹುದು. ಲಕ್ಷ ದಾಟಿದ ಮೊತ್ತವಾದರೆ ಹಿಂಜರಿಯಬಾರದೆಂಬುದು ನನ್ನ ಸಲಹೆ.

ದಾವೆಯ ಯೋಚನೆ ಇರಲಿ ಇಲ್ಲದಿರಲಿ, ಕಾಲಮಿತಿಯನ್ನು ಲೆಕ್ಕದಲ್ಲಿಡಬೇಕು. ಹಣ ಹಿಂದಿರುಗಿಸಬೇಕಾಗಿದ್ದ ದಿನದಿಂದ ಮೂರು ವರ್ಷಗಳೊಳಗೆ ದಾವೆ ಹೂಡದಿದ್ದರೆ, 1963ರ ಕಾಲಮಿತಿ ಅಧಿನಿಯಮದಂತೆ ಹಕ್ಕು ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ‘ಮುಂದಿನ ತಿಂಗಳು ಖಂಡಿತ’ ಎಂಬ ಬಾಯಿಮಾತಿನ ಭರವಸೆಗಳಿಂದ ಆ ಗಡುವು ಮುಂದಕ್ಕೆ ಹೋಗುವುದಿಲ್ಲ. ಮೂರು ವರ್ಷ ಮುಗಿಯುವ ಮೊದಲು ಇಂತಿಷ್ಟು ಹಣ ಕೊಡಬೇಕಾಗಿದೆ ಎಂದು ಮಾಲಕರು ಬರೆದು ಸಹಿ ಹಾಕಿಕೊಟ್ಟರೆ ಮಾತ್ರ ಆ ದಿನದಿಂದ ಹೊಸದಾಗಿ ಮೂರು ವರ್ಷ ಸಿಗುತ್ತದೆ. ಆದ್ದರಿಂದ ಮತ್ತೆ ಸಮಯ ಕೇಳಿದಾಗಲೆಲ್ಲ ಸಮಯ ಕೊಡಿ, ಆದರೆ ಬಾಕಿಯ ಮೊತ್ತ, ದಿನಾಂಕ, ಸಹಿ ಈ ಮೂರೂ ಇರುವ ಒಂದು ಚೀಟಿಯನ್ನು ಪಡೆದುಕೊಂಡೇ ಕೊಡಿ.